ಬ್ರೆಡ್‌ನ ಯೀಸ್ಟ್ ಹೊಟ್ಟೆಯಲ್ಲಿ ಲಗಾಮಿಲ್ಲದೆ ಬೆಳೆದು ಗಡ್ಡೆಯಾಗುತ್ತದೆಯೇ?

"ಬನ್ನಿನಲ್ಲಿರುವ ಯೀಸ್ಟ್ ಹೊಟ್ಟೆಯೊಳಗೆ ಎರಡು ನಾಲ್ಕಾಗುತ್ತಾ ಹೋಗಿ ಕ್ಯಾನ್ಸರ್ ಗಡ್ಡೆ ಕಟ್ಟುತ್ತದೆ" ಎಂಬಂಥ ಸಂದೇಶ ವಾಟ್ಸಾಪ್‌ಗೆ ಬಂದರೆ, ಹೂಟಗಳ್ಳಿಯ ಬೇಕರಿಯಿಂದ ಮಕ್ಕಳಿಗೆ ಬನ್ ತಂದವರಿಗೆ ಗಾಬರಿಯಾಗುವುದು ಸಹಜ. ನಿಜ ಏನೆಂದು ನೋಡೋಣ.

ಯೀಸ್ಟ್ ಒಂದೇ ಕೋಶದ ಶಿಲೀಂಧ್ರ. ಹಿಟ್ಟನ್ನು ಉಬ್ಬಿಸುವುದು ಅದರ ಕೆಲಸ. ಬ್ರೆಡ್ ಬೇಯುವಾಗ ಒಳಗಿನ ಬಿಸಿ 90 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಯೀಸ್ಟ್ 60 ಡಿಗ್ರಿಯ ಆಸುಪಾಸಿನಲ್ಲೇ ಸಾಯುತ್ತದೆ. ಸತ್ತ ಯೀಸ್ಟ್ ಹೊಟ್ಟೆಯಲ್ಲಿ ಬೆಳೆಯುವ ಮಾತೇ ಇಲ್ಲ.

ಬದುಕಿರುವ ಯೀಸ್ಟ್‌ಗಾದರೂ ಲಗಾಮಿಲ್ಲವೇ?

ಖಂಡಿತ ಇದೆ. ತಾಯಿ ಕೋಶದ ಮೈಮೇಲೆ ಮೊಗ್ಗಿನಂತೆ ಮರಿ ಕೋಶ ಮೂಡುತ್ತದೆ. ತಾಯಿ ತನ್ನ ವರ್ಣತಂತುಗಳ ಒಂದು ಪ್ರತಿಯನ್ನು ಮರಿಗೆ ಕೊಡಬೇಕು. ಆ ಪಾಲು ಮರಿಯನ್ನು ತಲುಪುವ ಮೊದಲೇ ನಡುವೆ ಗೋಡೆ ಎದ್ದರೆ ಒಂದು ಕೋಶಕ್ಕೆ ಎರಡು ಪಾಲು, ಇನ್ನೊಂದಕ್ಕೆ ಏನೂ ಇಲ್ಲ.

ಇದನ್ನು ತಡೆಯಲು ಕೋಶದಲ್ಲಿ ಒಂದು ಚೆಕ್‌ಪೋಸ್ಟ್ ಇದೆ. ತಾಯಿಯ ಬದಿಯಲ್ಲಿ ಕಿನ್4 ಎಂಬ ಪ್ರೋಟೀನ್ 'ನಿಲ್ಲು' ಎನ್ನುತ್ತದೆ. ವರ್ಣತಂತುಗಳನ್ನು ಎಳೆದೊಯ್ಯುವ ಎಳೆಗಳ ತುದಿ ಮರಿಯೊಳಗೆ ಕಾಲಿಟ್ಟ ಮೇಲೆ ಟೆಮ್1 ಎಂಬ ಪ್ರೋಟೀನ್ ಚುರುಕಾಗುತ್ತದೆ. ಅದರಿಂದ ಅಲ್ಲಿಯವರೆಗೆ ಕೂಡಿಹಾಕಿದ್ದ ಸಿಡಿಸಿ14 ಬಿಡುಗಡೆಯಾಗಿ ವಿಭಜನೆಯ ಯಂತ್ರವನ್ನು ಆರಿಸುತ್ತದೆ. ಆಮೇಲೆ ಇಬ್ಬರ ನಡುವಿನ ಉಂಗುರ ಬಿಗಿದು, ಕೈಟಿನ್ ಗೋಡೆ ಏಳುತ್ತದೆ. ಕೊನೆಗೆ ಮರಿಯ ಕಡೆಯಿಂದ ಬರುವ ಕಿಣ್ವ ಆ ಗೋಡೆಯನ್ನು ಕರಗಿಸಿ ಇಬ್ಬರನ್ನೂ ಬೇರೆ ಮಾಡುತ್ತದೆ. ತಾಯಿಯ ಮೈಮೇಲೆ ಒಂದು ಗಾಯದ ಗುರುತು ಉಳಿಯುತ್ತದೆ.

ಹಾಗಾದರೆ ಕ್ಯಾನ್ಸರ್‌ಗೂ ಯೀಸ್ಟ್‌ಗೂ ಏನು ನಂಟು?

ನಂಟು ಇದೆ, ಆದರೆ ಸಂದೇಶ ಹೇಳುವುದಕ್ಕೆ ತದ್ವಿರುದ್ಧವಾಗಿ. ಕೋಶ ವಿಭಜನೆಯ ಲಗಾಮು ತಪ್ಪಿದಾಗ ಕ್ಯಾನ್ಸರ್ ಬರುತ್ತದೆ. ಆ ಲಗಾಮು ಹೇಗಿರುತ್ತದೆ ಎಂದು ನಮಗೆ ಮೊದಲು ಕಲಿಸಿದ ಜೀವಿಗಳಲ್ಲಿ ಯೀಸ್ಟ್ ಒಂದು. ಬ್ರೆಡ್ ಯೀಸ್ಟ್‌ನಲ್ಲಿ ಈ ಜೀನ್‌ಗಳನ್ನು ಹುಡುಕಿದ ಲೀಲ್ಯಾಂಡ್ ಹಾರ್ಟ್‌ವೆಲ್ ಅವರಿಗೆ ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಜತೆ 2001ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕೌಸ್ತುವ್ ಸನ್ಯಾಲ್ ಅವರ ತಂಡ ರೋಗ ತರುವ ಯೀಸ್ಟ್‌ಗಳಲ್ಲಿ ವರ್ಣತಂತುಗಳು ಹಂಚಿಕೆಯಾಗುವ ಬಗೆಯನ್ನು ಅಧ್ಯಯನ ಮಾಡಿದೆ.

ಹೌದು, ಕ್ಯಾಂಡಿಡಾದಂಥ ಕೆಲವು ಯೀಸ್ಟ್‌ಗಳು ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಸೋಂಕು ತರುತ್ತವೆ. ಅದಕ್ಕೆ ವೈದ್ಯರ ಬಳಿ ಹೋಗಬೇಕು. ಅದು ಬನ್ನಿನಿಂದ ಬರುವ ಕ್ಯಾನ್ಸರ್ ಅಲ್ಲ.

ಆದ್ದರಿಂದ ಇಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ವಿವರವನ್ನು ತಿಳಿಸಿ.