ಕಡ್ಡಿ ನಾಲ್ಕಿದ್ದರೂ ನೆಟ್ ಯಾಕೆ ತೆವಳುತ್ತದೆ?

ಜಾತ್ರೆಯ ದಿನ ತೇರುಬೀದಿಯಲ್ಲಿ ನಿಂತು ಫೋಟೊ ಕಳಿಸಲು ಹೋದವರಿಗೆಲ್ಲ ಗೊತ್ತು. ಟವರ್ ಕಣ್ಣೆದುರೇ ಇದೆ, ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬಿವೆ, ಫೋಟೊ ಮಾತ್ರ ಹೋಗದು. ಆ ಕಡ್ಡಿಗಳು ಹೇಳುವುದು ಟವರಿನ ದನಿ ನಮ್ಮ ಫೋನಿಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನಷ್ಟೇ, ನಮ್ಮ ಪಾಲಿಗೆ ಎಷ್ಟು ಬಂತು ಎಂಬುದನ್ನಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೂ ಎಲ್ಲರಿಗೂ ಒಪ್ಪಿತವಾದ ಅಳತೆಯಿಲ್ಲ. ಫೋನ್ ತಯಾರಿಸುವವರು ತಮ್ಮ ತಮ್ಮ ಲೆಕ್ಕದಲ್ಲಿ ತೋರಿಸುತ್ತಾರೆ. ಕಡ್ಡಿ ನೋಡಿ ಸಮಾಧಾನಪಟ್ಟುಕೊಳ್ಳುವುದನ್ನು ಬಿಡುವುದೇ ಒಳ್ಳೆಯದು.

ಮೊಬೈಲ್ ಇಂಟರ್ನೆಟ್ ಪೂರ್ತಿ ಹಂಚಿಕೆಯ ವ್ಯವಹಾರ. ಒಂದು ಟವರ್ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖಮಾಡಿದ ಆಂಟೆನಾಗಳನ್ನು ಹೊತ್ತಿರುತ್ತದೆ, ಒಂದೊಂದು ದಿಕ್ಕೂ ಒಂದು ಸೆಲ್. ಇರುವಷ್ಟೇ ತರಂಗಾಂತರವನ್ನು ಊರೂರಿಗೂ ಮತ್ತೆ ಮತ್ತೆ ಬಳಸಲು ನೆಲವನ್ನು ಹೀಗೆ ಸೆಲ್‌ಗಳಾಗಿ ಒಡೆಯುವ ಉಪಾಯ 1947ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೊಳೆದಿತ್ತು. 20 ಮೆಗಾಹರ್ಟ್ಸ್ ಅಗಲದ 4ಜಿ ಪಟ್ಟಿಯೊಂದರಲ್ಲಿ, ಎರಡು ಆಂಟೆನಾಗಳ ಮಾಮೂಲಿ ಜೋಡಣೆಯಿದ್ದರೆ, ಒಂದು ಸೆಲ್‌ನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಅದು ಒಬ್ಬರದಲ್ಲ, ತೇರು ನೋಡಲು ಬಂದ ಅಷ್ಟೂ ಜನರದ್ದು.

ಹಂಚುವ ಕೆಲಸ ಶೆಡ್ಯೂಲರ್ ಎಂಬ ತಂತ್ರಾಂಶದ್ದು. ಕೆರೆಯ ತೂಬು ತೆರೆದು ಗದ್ದೆ ಗದ್ದೆಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಹಾಗೆ ಅದು. ಆದರೆ 4ಜಿಯಲ್ಲಿ ಸರದಿ ಬದಲಾಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ! ಪಟ್ಟಿಯನ್ನು 180 ಕಿಲೋಹರ್ಟ್ಸ್‌ನ ತುಂಡುಗಳಾಗಿ ಸೀಳಿ, ಈ ಗಳಿಗೆ ಯಾವ ತುಂಡು ಯಾರಿಗೆ ಎಂದು ಅದು ತೀರ್ಮಾನಿಸುತ್ತದೆ. ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂದು ಪ್ರತಿ ಫೋನೂ ಟವರಿಗೆ ವರದಿ ಒಪ್ಪಿಸುತ್ತಲೇ ಇರುತ್ತದೆ. ಸ್ಪಷ್ಟವಿದ್ದರೆ ಒಂದೊಂದು ಸಂಕೇತದಲ್ಲಿ 6 ಅಥವಾ 8 ಬಿಟ್ ತುಂಬಬಹುದು, ಗದ್ದಲವಿದ್ದರೆ ಬರೀ 2. ಹೀಗಾಗಿ ಸೆಲ್‌ನ ಅಂಚಿನಲ್ಲಿ ಕುಳಿತವರಿಗೆ ಅದೇ ವಿಡಿಯೊ ಮುಟ್ಟಿಸಲು ಎಷ್ಟೋ ಪಟ್ಟು ಹೆಚ್ಚು ಸರದಿ ಖರ್ಚಾಗುತ್ತದೆ. ಟವರ್ ಪಕ್ಕದ ಮನೆಯವರ ವೇಗವೂ ಅದರಿಂದ ಕುಗ್ಗುತ್ತದೆ.

ಇನ್ನು ನಮ್ಮಿಂದ ಟವರಿಗೆ ಹೋಗುವ ದಾರಿ. ಟವರ್ ಹತ್ತಾರು ವ್ಯಾಟ್ ಬಲದಲ್ಲಿ ಕೂಗಿದರೆ, 4ಜಿ ಫೋನ್ ಸಾಮಾನ್ಯವಾಗಿ ಹಾಕಬಲ್ಲ ಗರಿಷ್ಠ ಬಲ 0.2 ವ್ಯಾಟ್. ಅದರ ಮಾತು ನಮಗೆ ಕೇಳಿದರೂ ನಮ್ಮ ಮಾತು ಅದಕ್ಕೆ ಮುಟ್ಟದಿರಬಹುದು. ಸಿಗ್ನಲ್ ಕಡಿಮೆಯಿರುವಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೂ ಇದೇ ಕಾರಣ: ಫೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಅರಚುತ್ತಿರುತ್ತದೆ.

ಮಲೆನಾಡಿನ ಪಾಡು ಬೇರೆ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ಹುಡುಗಿಯೊಬ್ಬಳು ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ, ಅಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶವೆಲ್ಲ ಸುತ್ತಿತು. ಗುಡ್ಡ, ಒದ್ದೆ ಎಲೆಗಳ ದಟ್ಟ ಕಾಡು ಅಲೆಗಳನ್ನು ತಡೆಯುತ್ತವೆ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರ ದೂರ ಸಾಗಿ ಗುಡ್ಡದ ಮಗ್ಗುಲಿಗೂ ಅಷ್ಟಿಷ್ಟು ಬಾಗುತ್ತದೆ. 2300 ಅಷ್ಟು ಬಾಗದು. 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಬಂದ 5ಜಿಯ ವೇಗಕ್ಕೆ ಮುಖ್ಯ ಆಸರೆ 3300 ಮೆಗಾಹರ್ಟ್ಸ್ ಆಸುಪಾಸಿನ ಅಗಲ ಪಟ್ಟಿ. ಪೇಟೆಗೆ ಅದು ವರ, ಕಾಡಿನ ಒಂಟಿಮನೆಗೆ ಅಷ್ಟಕ್ಕಷ್ಟೆ.

ಯಾರೂ ಮಾತಾಡದ ಸಂಗತಿ ಟವರಿನ ಬೆನ್ನಹಿಂದಿನದು. ಫೋನಿನಿಂದ ಟವರಿನವರೆಗಷ್ಟೇ ನಮ್ಮ ಮಾತು ಗಾಳಿಯಲ್ಲಿ ಹೋಗುವುದು. ಅಲ್ಲಿಂದಾಚೆ ಫೈಬರ್ ಕೇಬಲ್ ಬೇಕು. ಅದಿಲ್ಲದ ಕಡೆ ಟವರಿನಿಂದ ಟವರಿಗೆ ಮೈಕ್ರೋವೇವ್ ಕೊಂಡಿ ಹಾಕುತ್ತಾರೆ. ಈ ಕೊಂಡಿಗಳು ಬಹಳಷ್ಟು ಸಲ ಎಷ್ಟು ಮೇಲಿನ ತರಂಗಾಂತರದಲ್ಲಿರುತ್ತವೆಂದರೆ, ಜಡಿಮಳೆಗೆ ಸೊರಗುತ್ತವೆ. 4ಜಿ ಅಲೆಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ, ಕೈಕೊಡುವುದು ಹಿಂದಿನ ಕೊಂಡಿ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಮುಗಿಯಿತು, ಯಾವ ಜಿ ಇದ್ದರೇನು?

ಆದ್ದರಿಂದ ಗ್ರಾಮಸಭೆಯಲ್ಲಿ ಟವರಿಗೆ ಅರ್ಜಿ ಕೊಡುವವರು ಇನ್ನೆರಡು ಪ್ರಶ್ನೆಗಳನ್ನೂ ಕೇಳಿ: ಫೈಬರ್ ಟವರಿನ ಬುಡದವರೆಗೆ ಬರುತ್ತದೆಯೇ? ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ?