ಕೈಯಗಲದ ಆಟದ ಯಂತ್ರ: ಯಾವುದು ಬೇಕು, ಯಾವುದು ಬೇಡ?

ಬೇಸಿಗೆ ರಜೆಯ ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬ ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಕೇಳಿದ್ದನ್ನು ಕೊಡಿಸುವೆನೆಂದು ತಂದೆ ಮಾತು ಕೊಟ್ಟಿದ್ದರು. ಹುಡುಗ ಅಂಕ ತೆಗೆದೇಬಿಟ್ಟ. ಅವನು ಕೇಳಿದ್ದು ಸೈಕಲ್ಲಲ್ಲ, ಮೊಬೈಲೂ ಅಲ್ಲ. ಎರಡು ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ!

ತಂದೆ ವರವು ಕಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತ, ಮಳೆ ನಂಬಿ ಶೇಂಗಾ ಬಿತ್ತುವವರು. ಈ ಯಂತ್ರಕ್ಕಾಗಿ ನಾಲ್ಕು ಟಗರು ಮಾರಲು ಮನಸ್ಸು ಮಾಡಿದ್ದರು. ‘ಮೇಷ್ಟ್ರೇ, ಮಾತು ಕೊಟ್ಟಿದೀನಿ, ತಪ್ಪಲ್ಲ. ಆದ್ರೆ ಇವನು ವಿಂಡೋಸ್ ಅಂತಾನೆ, ಲಿನಕ್ಸ್ ಅಂತಾನೆ, ನನಗೆ ತಲೆಬುಡ ತಿಳಿಯಲ್ಲ. ಯಾವ್ದು ತಗಂಡ್ರೆ ಮೋಸ ಆಗಲ್ಲ ಅಂತ ನೀವೇ ಹೇಳ್ರಿ’ ಎಂದರು.

ಹುಡುಗನ ಕೈಯಲ್ಲಿ ನೋಟ್‌ಬುಕ್ಕಿನ ಹಾಳೆಯೊಂದಿತ್ತು. ಅದರಲ್ಲಿ ಹದಿನಾಲ್ಕು ಅಂಶಗಳ ಪಟ್ಟಿ. ದೊಡ್ಡ ಪರದೆ, ಅತಿ ವೇಗದ ಪ್ರೊಸೆಸರ್, ಅಪಾರ ಸ್ಮರಣೆ, ಹಗುರ ಮೈ, ದಿನವಿಡೀ ಬ್ಯಾಟರಿ, ಕಡಿಮೆ ಬೆಲೆ... ನೋಡಿ ನಗು ಬಂತು. ಹಗುರವಾಗಿರಬೇಕು, ಬ್ಯಾಟರಿ ದೊಡ್ಡದಿರಬೇಕು. ಕೆಲಸ ಜೋರಿರಬೇಕು, ಬಿಸಿಯಾಗಬಾರದು. ಇದು ಮದುವೆಗೆ ಹೆಣ್ಣು ಹುಡುಕುವವರ ಪಟ್ಟಿಯ ಹಾಗಿತ್ತು! ಆದರೆ ಹುಡುಗನನ್ನು ಬೈದು ಫಲವಿಲ್ಲ. ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳೂ ಮೊದಲು ಇಂಥ ಪಟ್ಟಿಯನ್ನೇ ಬರೆಯುತ್ತಾರೆ. ಆಮೇಲೆ ಯಾವುದನ್ನು ಹೊಡೆದುಹಾಕಬೇಕು ಎಂಬುದರಲ್ಲೇ ಅವರ ಜಾಣತನವಿರುವುದು.

ಬೆಂಗಳೂರಿನಲ್ಲೇ ಹುಟ್ಟಿದ ಸಿಂಪ್ಯೂಟರ್

ಈ ಮಾತಿಗೆ ದೂರದ ಉದಾಹರಣೆ ಬೇಡ. ಇಂದು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೂ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು, ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯ ಮೂವರ ಜೊತೆ ಸೇರಿ, ಕೈಯಲ್ಲಿ ಹಿಡಿಯುವ ಗಣಕವೊಂದನ್ನು ರೂಪಿಸಿದ್ದರು. ಅದೇ ಸಿಂಪ್ಯೂಟರ್. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಮೊಳೆತ ಯೋಚನೆ ಅದು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು.

ಅವರ ಮುಂದಿದ್ದ ಪ್ರಶ್ನೆ ಇಷ್ಟೇ: ಓದು ಬರಹ ಬಾರದ ಹಳ್ಳಿಯವರೂ ಬಳಸಬಹುದಾದ ಗಣಕದಲ್ಲಿ ಏನಿರಬೇಕು? ಬೆಲೆ ಸುಮಾರು 9,000 ರೂಪಾಯಿ ದಾಟಬಾರದೆಂದು ಗುರಿ ಹಾಕಿಕೊಂಡರು. ಕೀಲಿಮಣೆ ಬೇಡವೆಂದರು, ಬೆರಳು ಅಥವಾ ಕಡ್ಡಿಯಿಂದ ಮುಟ್ಟಿದರೆ ಸಾಕು. ಬಣ್ಣದ ಪರದೆ ಬೇಡವೆಂದರು. 320 ಅಡ್ಡ, 240 ಉದ್ದದ ಕಪ್ಪು-ಬಿಳುಪು ಚುಕ್ಕೆಗಳು ಸಾಕು. ಕರೆಂಟಿಲ್ಲದ ಊರಲ್ಲೂ ನಡೆಯಲೆಂದು ಅಂಗಡಿಯಲ್ಲಿ ಸಿಗುವ ಮೂರು ಸಣ್ಣ ಸೆಲ್ ಹಾಕಿದರು. ಆದರೆ ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯವನ್ನು ಮಾತ್ರ ಬಿಡಲಿಲ್ಲ. ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿಯನ್ನೂ ಬಿಡಲಿಲ್ಲ. ಯಂತ್ರ ಊರಿಗೊಂದಿದ್ದರೂ ಸಾಕು, ತಮ್ಮ ತಮ್ಮ ಮಾಹಿತಿಯ ಕಾರ್ಡು ಒಬ್ಬೊಬ್ಬರ ಜೇಬಿನಲ್ಲಿರಲಿ ಎಂಬುದು ಲೆಕ್ಕಾಚಾರ. ನೋಡಿ, ಬಣ್ಣ ಹೋಯಿತು, ಮಾತು ಉಳಿಯಿತು! ಇದೇ ಆಯ್ಕೆ ಎಂದರೆ.

ಆಪರೇಟಿಂಗ್ ಸಿಸ್ಟಂ ಎಂಬ ನೀರಗಂಟಿ

ಈಗ ಹುಡುಗನ ‘ಲಿನಕ್ಸ್’ ಪ್ರಶ್ನೆಗೆ ಬರೋಣ. ಆಪರೇಟಿಂಗ್ ಸಿಸ್ಟಂ ಎಂದರೇನು? ಕೆರೆಯ ನೀರನ್ನು ಗದ್ದೆಗದ್ದೆಗೆ ಸರದಿಯಂತೆ ಬಿಡುವ ನೀರಗಂಟಿಯನ್ನು ನೆನಪಿಸಿಕೊಳ್ಳಿ. ಪ್ರೊಸೆಸರಿನ ಹೊತ್ತು, ಸ್ಮರಣೆಯ ಜಾಗ, ಬ್ಯಾಟರಿಯ ಶಕ್ತಿ ಇವೆಲ್ಲ ಕೆರೆಯ ನೀರು. ಆಟ, ಸಂಗೀತ, ಪರದೆ, ಇಂಟರ್‌ನೆಟ್ ಒಂದೊಂದೂ ಒಂದೊಂದು ಗದ್ದೆ. ಯಾರಿಗೆ ಯಾವಾಗ ಎಷ್ಟು ಎಂದು ತೀರ್ಮಾನಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ನೀರಗಂಟಿ ಜಾಣನಾದರೆ ಸಣ್ಣ ಕೆರೆಯಲ್ಲೂ ಬೆಳೆ ತೆಗೆಯಬಹುದು. ದಡ್ಡನಾದರೆ ತುಂಬಿದ ಕೆರೆಯೂ ಸಾಲದು.

ಸಿಂಪ್ಯೂಟರ್ ತಂಡ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಆರಿಸಿಕೊಂಡಿತು. ಒಂದೊಂದು ಯಂತ್ರಕ್ಕೂ ಪರವಾನಗಿ ಶುಲ್ಕ ಕಟ್ಟಬೇಕಿರಲಿಲ್ಲ. ಒಳಗಿನ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬೇಡದ್ದನ್ನು ಕಿತ್ತು ಸಣ್ಣ ಯಂತ್ರಕ್ಕೆ ಹೊಂದಿಸಬಹುದಿತ್ತು. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಎಂದರೆ ನಿಮ್ಮ ಮನೆಯ ಮೊಬೈಲಿನಲ್ಲಿ ಕುಳಿತಿರುವ ನೀರಗಂಟಿಯನ್ನು ನಮ್ಮವರು ಏಳು ವರ್ಷ ಮೊದಲೇ ಗುರುತಿಸಿದ್ದರು.

ನೀರಗಂಟಿ ತಪ್ಪಿದರೆ ಏನಾದೀತೆಂಬುದಕ್ಕೆ ನಮ್ಮ ಕಾವಲನ್ನೇ ನೋಡಬಹುದು. ವರವು ಕಾವಲಿನಲ್ಲಿ ಈಗ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯವಿದೆ. ಅಲ್ಲಿ 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೊದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಪೈಲಟ್ ಇಲ್ಲದ ಆ ವಾಹನ ತನ್ನೊಳಗಿನ ಗಣಕಗಳನ್ನೇ ನಂಬಿ ರನ್‌ವೇಗೆ ಇಳಿಯಿತು. ನೆಲ ಮುಟ್ಟುವ ಕ್ಷಣದಲ್ಲಿ ಗಣಕ ‘ಸ್ವಲ್ಪ ತಡೆಯಿರಿ, ಅಪ್‌ಡೇಟ್ ಆಗುತ್ತಿದೆ’ ಎಂದಿದ್ದರೆ? ಆಟದ ಯಂತ್ರದಲ್ಲಿ ಹಾಗಾದರೆ ಒಂದು ‘ಲೈಫ್’ ಹೋಗುತ್ತದೆ, ಅಷ್ಟೆ. ತತ್ವ ಮಾತ್ರ ಒಂದೇ: ಕೆಲಸ ಯಾವುದೋ, ಅದಕ್ಕೆ ತಕ್ಕ ತಂತ್ರಾಂಶ ಬೇಕು.

ನಾಲ್ಕು ಬಗೆಯ ಯಂತ್ರಗಳು

ಇಂದು ಸಿಗುವ ಆಟದ ಯಂತ್ರಗಳನ್ನು ಆಪರೇಟಿಂಗ್ ಸಿಸ್ಟಂ ನೋಡಿ ನಾಲ್ಕು ಗುಂಪು ಮಾಡಬಹುದು. ಮೊದಲನೆಯದು ನಿಂಟೆಂಡೊ ಸ್ವಿಚ್‌ನಂಥದು. ಯಂತ್ರವೂ ಕಂಪನಿಯದು, ತಂತ್ರಾಂಶವೂ ಕಂಪನಿಯದು. ಒತ್ತಿದೊಡನೆ ಆಟ ಶುರು, ತಕರಾರು ಕಡಿಮೆ. ತಂದೆತಾಯಿ ತಮ್ಮ ಫೋನಿನಿಂದಲೇ ಆಟದ ಹೊತ್ತಿಗೆ ಮಿತಿ ಹಾಕಬಹುದು. ಆದರೆ ಆ ಯಂತ್ರಕ್ಕೆಂದೇ ತಯಾರಾದ ಆಟಗಳನ್ನೇ ಕೊಳ್ಳಬೇಕು.

ಎರಡನೆಯದು ವಿಂಡೋಸ್ ಯಂತ್ರ. 2023ರಲ್ಲಿ ಬಂದ ಆಸುಸ್ ಕಂಪನಿಯ ಆರ್‌ಒಜಿ ಅಲೈ ಇದಕ್ಕೆ ಉದಾಹರಣೆ. ಕಂಪ್ಯೂಟರಿನ ಆಟಗಳೆಲ್ಲ ಬಹುಮಟ್ಟಿಗೆ ಇದರಲ್ಲಿ ನಡೆಯುತ್ತವೆ, ಓದು ಬರಹದ ಕೆಲಸಕ್ಕೂ ಬರುತ್ತದೆ. ಆದರೆ ವಿಂಡೋಸ್ ಬೆಳೆದದ್ದು ಕೀಲಿಮಣೆ, ಮೌಸ್ ಇರುವ ಮೇಜಿನ ಗಣಕಕ್ಕಾಗಿ. ಪುಟ್ಟ ಪರದೆಯಲ್ಲಿ ಅದು ಅಪ್ಪನ ಅಂಗಿ ತೊಟ್ಟ ಮಗುವಿನಂತೆ.

ಮೂರನೆಯದು ಲಿನಕ್ಸ್ ಯಂತ್ರ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರ ಫೆಬ್ರುವರಿಯಲ್ಲಿ ಬಂತು. ವಿಂಡೋಸ್‌ಗಾಗಿ ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ‘ಪ್ರೋಟಾನ್’ ಎಂಬ ದುಭಾಷಿ ಅದರಲ್ಲಿದೆ. ನಿದ್ದೆಗೆ ಹಾಕಿ ಎಬ್ಬಿಸಿದರೆ ಆಟ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಮೋಸ ತಡೆಯುವ ವಿಶೇಷ ತಂತ್ರಾಂಶವಿರುವ ಕೆಲವು ಜನಪ್ರಿಯ ಆನ್‌ಲೈನ್ ಆಟಗಳು ಇದರಲ್ಲಿ ನಡೆಯುವುದಿಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಹಳೆಯ ಸಣ್ಣ ಆಟಗಳಿಗೆಂದೇ ಲಿನಕ್ಸ್ ಹಾಕಿ ಮಾಡಿದ ಅಗ್ಗದ ಪುಟ್ಟ ಯಂತ್ರಗಳೂ ಇವೆ. ನಾಲ್ಕನೆಯದು ಆಂಡ್ರಾಯ್ಡ್ ಯಂತ್ರ. ಫೋನಿನ ಆಟಗಳನ್ನು ಗುಂಡಿಗಳಿಂದ ಆಡಬಹುದು. ಫೋನಿನ ಆಮಿಷಗಳೂ ಅದರ ಹಿಂದೆಯೇ ಬರುತ್ತವೆ.

ಎಂಟನೇ ತರಗತಿಯ ಲೆಕ್ಕ

ಪ್ರಚಾರದ ಹಾಳೆಯಲ್ಲಿ ಬ್ಯಾಟರಿಯನ್ನು ‘ಎಂಎಎಚ್’ನಲ್ಲಿ ಹೇಳುತ್ತಾರೆ. ಅದನ್ನೇ ನಂಬಬೇಡಿ. ಮಿಲಿ ಆಂಪಿಯರ್-ಗಂಟೆಯನ್ನು ಸಾವಿರದಿಂದ ಭಾಗಿಸಿ, ವೋಲ್ಟ್‌ನಿಂದ ಗುಣಿಸಿ. 5,000 ಎಂಎಎಚ್, 3.7 ವೋಲ್ಟ್ ಎಂದರೆ 18.5 ವಾಟ್-ಗಂಟೆ. ಮೊದಲ ಸ್ಟೀಮ್ ಡೆಕ್‌ನಲ್ಲಿರುವುದು 40 ವಾಟ್-ಗಂಟೆ. ಭಾರಿ ಆಟ ಆಡುವಾಗ ಇಡೀ ಯಂತ್ರ 20 ವಾಟ್ ಎಳೆದರೆ ಎರಡು ಗಂಟೆಗೆ ಬ್ಯಾಟರಿ ಖಾಲಿ. ಹಗುರ ಆಟಕ್ಕೆ 8 ವಾಟ್ ಸಾಕಾದರೆ ಐದು ಗಂಟೆ. ಯಂತ್ರ ಒಂದೇ; ಆಟ ಬದಲಾದರೆ ಆಯುಷ್ಯವೂ ಬದಲು.

ಪರದೆಯದೂ ಹೀಗೇ. 1,280 ಅಡ್ಡ, 800 ಉದ್ದ ಎಂದರೆ 10,24,000 ಚುಕ್ಕೆ. 1,920 ಅಡ್ಡ, 1,080 ಉದ್ದ ಎಂದರೆ 20,73,600. ಎರಡರಷ್ಟು! ಆ ಚುಕ್ಕೆಗಳಿಗೆಲ್ಲ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಬಣ್ಣ ತುಂಬಬೇಕಾದ್ದು ಅದೇ ಬ್ಯಾಟರಿ. ಏಳು ಅಂಗುಲದ ಪರದೆಯಲ್ಲಿ ಆ ಹೆಚ್ಚುವರಿ ಚುಕ್ಕೆಗಳಿಂದ ಕಣ್ಣಿಗೆ ಸಿಗುವ ಲಾಭ ಅಲ್ಪ.

1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್ ಗೆದ್ದದ್ದು ಈ ಲೆಕ್ಕದಿಂದಲೇ. ಅದರದು ಹಸಿರು ಛಾಯೆಯ, ಹಿಂದೆ ಬೆಳಕಿಲ್ಲದ ಪರದೆ. ಬರೀ 23,040 ಚುಕ್ಕೆ. ಮರುವರ್ಷ ಬಂದ ಸೆಗಾ ಕಂಪನಿಯ ಗೇಮ್ ಗಿಯರ್‌ಗೆ ಬಣ್ಣದ ಝಗಝಗ ಪರದೆ. ಆದರೆ ಅದು ಆರು ಪೆನ್ಸಿಲ್ ಸೆಲ್ಲುಗಳನ್ನು ಮೂರರಿಂದ ಐದು ಗಂಟೆಯಲ್ಲಿ ನುಂಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತಾರು ಗಂಟೆ ನಡೆಯುತ್ತಿತ್ತು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಅವರ ಸೂತ್ರ: ಹಳೆಯದಾಗಿ, ಅಗ್ಗವಾಗಿ, ಪಳಗಿದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸು. ತೊಂಬತ್ತರ ದಶಕದಲ್ಲಿ ನಮ್ಮ ನಾಯಕನಹಟ್ಟಿ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುತ್ತಿದ್ದ ‘ಬ್ರಿಕ್ ಗೇಮ್’ ನೆನಪಿದೆಯೇ? ಸೆಲ್ ಹಾಕಿದರೆ ವಾರಗಟ್ಟಲೆ ಬರುತ್ತಿತ್ತು. ಗುಟ್ಟು ಇದೇ.

ಸೋತದ್ದರಿಂದ ಕಲಿಯುವುದು

ಹಾಗಾದರೆ ಅಷ್ಟು ಯೋಚಿಸಿ ಮಾಡಿದ ಸಿಂಪ್ಯೂಟರ್ ಏಕೆ ಗೆಲ್ಲಲಿಲ್ಲ? ಹುಡುಗ ಸರಿಯಾಗಿಯೇ ಕೇಳಿದ. 2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು. ಯಂತ್ರವನ್ನು ಓರೆ ಮಾಡಿದರೆ ಅರಿಯುವ ಸಂವೇದಕ ಅದರಲ್ಲಿತ್ತು. ಇಂದು ಮಕ್ಕಳು ಫೋನನ್ನೇ ಸ್ಟಿಯರಿಂಗಿನಂತೆ ತಿರುಗಿಸಿ ಕಾರು ಓಡಿಸುವುದು ಅದೇ ಬಗೆಯ ಸಂವೇದಕದ ಬಲದಿಂದ. ಐಫೋನ್ ಬಂದದ್ದು ಅದಾದ ಮೂರು ವರ್ಷಕ್ಕೆ, 2007ರಲ್ಲಿ. ಆದರೂ 2005ರ ವೇಳೆಗೆ ಮಾರಾಟವಾದ ಸಿಂಪ್ಯೂಟರುಗಳು ಸುಮಾರು ನಾಲ್ಕು ಸಾವಿರ ಮಾತ್ರ.

ಬೆಲೆ ಹತ್ತು ಸಾವಿರದ ಹತ್ತಿರ ಆರಂಭವಾಗಿ ಬಣ್ಣದ ಮಾದರಿಗೆ ಇಪ್ಪತ್ತು ಸಾವಿರದವರೆಗೆ ಹೋಗಿತ್ತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಳ್ಳಿಗೂ ಕಾಲಿಟ್ಟಿತು. ಯಂತ್ರದೊಳಗೆ ಹಾಕಿಕೊಳ್ಳಲು ಬೇಕಾದಷ್ಟು ತಂತ್ರಾಂಶವೂ ಬೆಳೆಯಲಿಲ್ಲ. ಯಂತ್ರ ಒಳ್ಳೆಯದಿದ್ದರೆ ಸಾಲದು; ಅದರ ಸುತ್ತ ತಂತ್ರಾಂಶ ಬರೆಯುವವರು, ಮಾರುವವರು, ದುರಸ್ತಿ ಮಾಡುವವರು ಎಲ್ಲರೂ ಇರಬೇಕು. ಆಟದ ಯಂತ್ರ ಕೊಳ್ಳುವವರಿಗೂ ಇದೇ ಪಾಠ.

ತಂದೆ ಕೇಳಿದ ಪ್ರಶ್ನೆ

ಇಷ್ಟೆಲ್ಲ ಹೇಳುವಾಗ ಸುಮ್ಮನಿದ್ದ ತಂದೆ ಆಮೇಲೆ ಬಾಯಿ ಬಿಟ್ಟರು. ‘ಮೇಷ್ಟ್ರೇ, ನಾವು ಬೋರಿಗೆ ಮೋಟರ್ ಇಳಿಸೋವಾಗ ನೀರು ಎಷ್ಟು ಅಡಿಗೈತೆ ಅಂತ ಮೊದ್ಲು ನೋಡ್ತೀವಿ. ಜಾಸ್ತಿ ಎಚ್.ಪಿ. ಐತೆ ಅಂತ ದೊಡ್ಡ ಮೋಟರ್ ಇಳಿಸಿದ್ರೆ ನೀರು ಬೇಗ ಮುಗೀತದೆ, ಮೋಟರ್ ಸುಟ್ಟೋಗ್ತದೆ. ಇನ್ನೊಂದು, ಕೆಟ್ರೆ ಎತ್ತೋನು ಹತ್ರದಾಗೆ ಇರಬೇಕು. ಇದು ಕೆಟ್ರೆ ಚಳ್ಳಕೆರ್‍ಯಾಗೆ ಯಾರು ಮಾಡ್ತಾರೆ?’

ನಾನೂ ಹುಡುಗನೂ ಮುಖ ಮುಖ ನೋಡಿಕೊಂಡೆವು. ಹದಿನಾಲ್ಕು ಅಂಶಗಳ ಪಟ್ಟಿಯಲ್ಲಿ ಇಲ್ಲದಿದ್ದ ಹದಿನೈದನೆಯದು ಅದು. ಬ್ಯಾಟರಿ ಬದಲಿಸಬಹುದೇ? ಗುಂಡಿ ಸವೆದರೆ ಬಿಡಿಭಾಗ ಸಿಗುವುದೇ? ವಾರಂಟಿ ನಮ್ಮ ದೇಶದಲ್ಲಿ ನಡೆಯುವುದೇ, ಇಲ್ಲ ಹೊರದೇಶದಿಂದ ತರಿಸಿದ ಮಾಲೇ? ಪಾಲಕರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಇದು.

ಇನ್ನೆರಡು ಮಾತು ನಾನು ಸೇರಿಸಿದೆ. ಒಂದು, ಯಂತ್ರದ ಬೆಲೆಯ ಜೊತೆ ಆಟಗಳ ಬೆಲೆಯನ್ನೂ ಕೂಡಿ ನೋಡಿ. ಆಡುತ್ತಾ ಆಡುತ್ತಾ ದುಡ್ಡು ಕೇಳುವ ಆಟಗಳಿವೆ. ಬ್ಯಾಂಕಿನ ಕಾರ್ಡನ್ನು ಮಗುವಿನ ಯಂತ್ರಕ್ಕೆ ಜೋಡಿಸಬೇಡಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದೆ. ಅವುಗಳ ಹತ್ತಿರವೂ ಸುಳಿಯಬೇಡಿ. ಎರಡು, ಆಡುವ ಹೊತ್ತನ್ನು ಕೊಳ್ಳುವ ಮೊದಲೇ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಆಟ ಬಿಡಲಾರದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿ 2014ರಿಂದ ‘ಶಟ್ ಕ್ಲಿನಿಕ್’ ಇದೆ. ಹೆದರಿಸಲು ಹೇಳುತ್ತಿಲ್ಲ; ಬೇಕಾದವರಿಗೆ ದಾರಿ ಗೊತ್ತಿರಲಿ.

ಅಂದು ರಾತ್ರಿ ಊಟದ ಹೊತ್ತಿನವರೆಗೆ ಹುಡುಗ ನಮ್ಮ ಜಗಲಿಯಲ್ಲೇ ಕೂತು ಪಟ್ಟಿ ತಿದ್ದಿದ. ಒಂದೊಂದು ಅಂಶದ ಎದುರೂ ‘ಏಕೆ?’ ಎಂದು ಬರೆ, ಉತ್ತರ ಬಾರದ್ದನ್ನು ಹೊಡೆದುಹಾಕು ಎಂದಿದ್ದೆ. ಹದಿನಾಲ್ಕರಲ್ಲಿ ಉಳಿದದ್ದು ಐದು, ಅಪ್ಪನದು ಸೇರಿ ಆರು. ಕೊನೆಗೆ ಕೊಂಡದ್ದು ಸಣ್ಣ ಪರದೆಯ, ಲಿನಕ್ಸ್ ಮೇಲೆ ನಡೆಯುವ, ಬ್ಯಾಟರಿ ಬದಲಿಸಬಹುದಾದ ಸರಳ ಯಂತ್ರ. ಗೆಳೆಯರು ಆಡುವ ಒಂದು ಆಟ ಅದರಲ್ಲಿ ನಡೆಯುವುದಿಲ್ಲವೆಂದು ಈಗಲೂ ಗೊಣಗುತ್ತಾನೆ. ಅದು ನಿಜವೇ; ಆರಿಸುವುದೆಂದರೆ ಏನನ್ನೋ ಬಿಡುವುದು. ಆದರೆ ಅದರ ತಂತ್ರಾಂಶವನ್ನು ತಾನೇ ಅಳಿಸಿ ಹೊಸದು ಹಾಕುವುದನ್ನು ಕಲಿತಿದ್ದಾನೆ. ಎರಡು ಸಲ ಕೆಡಿಸಿದ, ಮೂರನೆಯ ಸಲ ಸರಿಮಾಡಿದ.

ಮಾರಬೇಕೆಂದಿದ್ದ ನಾಲ್ಕು ಟಗರುಗಳಲ್ಲಿ ಮೂರು ಹಟ್ಟಿಯಲ್ಲೇ ಉಳಿದವು.