ಗುಲಾಮರ ಹಡಗಿನ ಕಪ್ತಾನ ಪಾದ್ರಿಯಾದ ಊರು

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನಲ್ಲಿ, ಗ್ರೇಟ್ ಊಸ್ ನದಿಯ ದಂಡೆಯಲ್ಲಿ ಓಲ್ನಿ ಎಂಬ ಸಣ್ಣ ಪೇಟೆಯಿದೆ. ವರ್ಷಕ್ಕೊಮ್ಮೆ ಇಲ್ಲಿಗೆ ಟಿವಿ ಕ್ಯಾಮೆರಾಗಳು ಬರುವುದು ಪ್ಯಾನ್‌ಕೇಕ್ ಓಟಕ್ಕೆ. ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಮುನ್ನಾದಿನದ ಮಂಗಳವಾರ ಊರ ಹೆಂಗಸರು ಏಪ್ರನ್ ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದು ಮಾರ್ಕೆಟ್ ಪ್ಲೇಸಿನಿಂದ ಚರ್ಚಿನ ಕಡೆಗೆ 415 ಗಜ ಓಡುತ್ತಾರೆ. 1445ರಿಂದಲೂ ಇದು ನಡೆದುಬಂದಿದೆ ಎನ್ನುವುದು ಊರವರ ಮಾತು. 1950ರಿಂದ ಅಮೆರಿಕದ ಕನ್ಸಾಸಿನ ಲಿಬರಲ್ ಎಂಬ ಊರಿನೊಂದಿಗೆ ಪೈಪೋಟಿಯೂ ಸೇರಿಕೊಂಡಿದೆ.

ಓಟ ಮುಗಿದ ಮೇಲೆ, ಉಳಿದ ದಿನಗಳಲ್ಲಿ ಈ ಊರಿಗೆ ಬರುವವರಲ್ಲಿ ಹೆಚ್ಚಿನವರು ಒಬ್ಬ ಪಾದ್ರಿಯನ್ನು ಹುಡುಕಿಕೊಂಡು ಬಂದವರು. ಹೆಸರು ಜಾನ್ ನ್ಯೂಟನ್. ಸೇಬಿನ ಕತೆಯ ನ್ಯೂಟನ್ ಅಲ್ಲ, ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆ ಬರೆದ ನ್ಯೂಟನ್. 1764ರಿಂದ 1780ರವರೆಗೆ ಈತ ಓಲ್ನಿಯ ಸಂತ ಪೀಟರ್ ಮತ್ತು ಸಂತ ಪಾಲ್ ಚರ್ಚಿನಲ್ಲಿ ಸೇವೆಯಲ್ಲಿದ್ದ. ಅವನು ನಿಂತು ಪ್ರಸಂಗ ಮಾಡುತ್ತಿದ್ದ ಪೀಠ ಚರ್ಚಿನೊಳಗೆ ಈಗಲೂ ಇದೆ.

ಆ ಪೀಠ ಹತ್ತುವ ಮೊದಲಿನ ಬದುಕು ಸಮುದ್ರದ್ದು. ವ್ಯಾಪಾರಿ ಹಡಗಿನ ಕಪ್ತಾನನ ಮಗನಾದ ನ್ಯೂಟನ್ನನನ್ನು 1744ರಲ್ಲಿ ಬ್ರಿಟಿಷ್ ನೌಕಾಪಡೆಯವರು ಬಲವಂತವಾಗಿ ಹಿಡಿದು ‘ಹಾರಿಚ್’ ಎಂಬ ಯುದ್ಧನೌಕೆಗೆ ಹತ್ತಿಸಿದರು. ಆಗ ಅವನಿಗೆ ಹದಿನೆಂಟು. ಅಪ್ಪನ ವಶೀಲಿಯಿಂದ ಮಿಡ್‌ಶಿಪ್‌ಮನ್ ಹುದ್ದೆಯೇನೋ ಸಿಕ್ಕಿತು. ಆದರೆ ಹಡಗು ಈಸ್ಟ್ ಇಂಡೀಸಿನತ್ತ ವರ್ಷಗಟ್ಟಲೆ ಹೋಗಲಿದೆ ಎಂದು ತಿಳಿದಾಗ ಪ್ಲಿಮತ್‌ನಲ್ಲಿ ತಪ್ಪಿಸಿಕೊಂಡ. ಸಿಕ್ಕಿಬಿದ್ದ. ಎಲ್ಲರೆದುರು ಚಾಟಿಯೇಟು ತಿಂದು, ಹುದ್ದೆ ಕಳೆದುಕೊಂಡು ಸಾಮಾನ್ಯ ನಾವಿಕನಾದ. ಮಡೀರಾ ದ್ವೀಪದಲ್ಲಿ ನೌಕಾಪಡೆ ಅವನನ್ನು ಗುಲಾಮರ ವ್ಯಾಪಾರದ ಹಡಗೊಂದಕ್ಕೆ ಸಾಗಹಾಕಿತು. ಮುಂದೆ ಸಿಯೆರಾ ಲಿಯೋನಿನ ಬಳಿಯ ದ್ವೀಪಗಳಲ್ಲಿ ಬಿಳಿಯ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು, ಜ್ವರ, ಅವಮಾನಗಳಲ್ಲಿ ದಿನ ದೂಡಿದ.

ಇಲ್ಲಿಂದ ಮುಂದಿನದನ್ನು ಜನ ಹೇಳುವ ಕತೆ ಬಹಳ ಅವಸರದ್ದು. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ಕಿನಲ್ಲಿ ಬಿರುಗಾಳಿ ಎದ್ದಿತು, ‘ಗ್ರೇಹೌಂಡ್’ ಹಡಗಿಗೆ ನೀರು ನುಗ್ಗಿತು, ನಾವಿಕ ದೇವರನ್ನು ಕೂಗಿದ, ಗುಲಾಮರ ವ್ಯಾಪಾರ ಬಿಟ್ಟು ಹಾಡು ಬರೆದ! ಬಿರುಗಾಳಿ ನಿಜ, ಕೂಗಿದ್ದೂ ನಿಜ. ವ್ಯಾಪಾರ ಬಿಟ್ಟದ್ದು ಮಾತ್ರ ಆಗಲ್ಲ. ಅವನು ಗುಲಾಮರ ಹಡಗುಗಳ ಕಪ್ತಾನನಾದದ್ದೇ ಆ ಬಿರುಗಾಳಿಯ ನಂತರ. 1750ರಿಂದ 1754ರವರೆಗೆ ‘ಡ್ಯೂಕ್ ಆಫ್ ಆರ್ಗೈಲ್’, ‘ಆಫ್ರಿಕನ್’ ಎಂಬ ಹಡಗುಗಳಲ್ಲಿ ಮೂರು ಯಾನ ಮಾಡಿದ. ಭಾನುವಾರ ಡೆಕ್ಕಿನ ಮೇಲೆ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದ. ಅದರ ಕೆಳಗೆ ಮನುಷ್ಯರು ಸರಪಳಿಯಲ್ಲಿದ್ದರು. ಬಂಡಾಯದ ಸುಳಿವು ಸಿಕ್ಕಾಗ ಸೆರೆಯಾಳುಗಳ ಹೆಬ್ಬೆರಳಿಗೆ ತಿರುಪು ಬಿಗಿಸಿದ್ದನ್ನು ದಿನಚರಿಯಲ್ಲಿ ಲೆಕ್ಕಪತ್ರದಷ್ಟೇ ತಣ್ಣಗೆ ಬರೆದಿಟ್ಟಿದ್ದಾನೆ. ಸಮುದ್ರ ಬಿಡಿಸಿದ್ದು ಆತ್ಮಸಾಕ್ಷಿಯಲ್ಲ, ಇದ್ದಕ್ಕಿದ್ದಂತೆ ಬಂದ ಮೂರ್ಛೆ. ಅದಾದ ಮೇಲೆ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. ಪಾದ್ರಿ ದೀಕ್ಷೆ ಸಿಗುವ ಹೊತ್ತಿಗೆ ಮೂವತ್ತೆಂಟು ತುಂಬಿತ್ತು.

ಅವನು ಬಂದಾಗಿನ ಓಲ್ನಿ ಬಡವರ ಊರು. ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಸಣ್ಣ ಸಣ್ಣ ಕಡ್ಡಿಗಳಿಗೆ ಸುತ್ತಿದ ನೂಲನ್ನು ಅಡ್ಡಡ್ಡ ದಾಟಿಸುತ್ತ ಲೇಸು ಹೆಣೆಯುವುದು ಇಲ್ಲಿನ ಹೆಂಗಸರು ಮಕ್ಕಳ ಕಸುಬು. ಬೆಳಗಿನಿಂದ ಕತ್ತಲಾಗುವವರೆಗೆ ಕೂತರೂ ಕೂಲಿ ಅಷ್ಟಕ್ಕಷ್ಟೇ. ಅವರಿಗೆ ಅರ್ಥವಾಗುವಂತೆ, ಬದುಕಿನಲ್ಲಿ ಪೆಟ್ಟು ತಿಂದವನ ಧಾಟಿಯಲ್ಲಿ ಮಾತಾಡುವ ಪಾದ್ರಿ ಸಿಕ್ಕಿದ್ದೇ ತಡ, ಚರ್ಚಿನಲ್ಲಿ ಜಾಗ ಸಾಲದಾಯಿತು, ಗ್ಯಾಲರಿ ಕಟ್ಟಬೇಕಾಯಿತು. ಮಕ್ಕಳಿಗೆ ಗುರುವಾರದ ಕೂಟವನ್ನೂ ಶುರು ಮಾಡಿದ.

1767ರಲ್ಲಿ ಕವಿ ವಿಲಿಯಂ ಕೂಪರ್ ಇಲ್ಲಿಗೆ ಬಂದು ನೆಲೆಸಿದ. ಮನಸ್ಸು ಮತ್ತೆ ಮತ್ತೆ ಕುಸಿಯುತ್ತಿದ್ದ ಸೂಕ್ಷ್ಮ ಜೀವ. ಮಾರ್ಕೆಟ್ ಪ್ಲೇಸಿನಲ್ಲಿದ್ದ ಅವನ ಮನೆ ‘ಆರ್ಚರ್ಡ್ ಸೈಡ್’ಗೂ ಪಾದ್ರಿಮನೆಗೂ ನಡುವೆ ಒಂದು ತೋಟವಿತ್ತು. ಅದನ್ನು ಹಾದುಹೋಗುವ ಹಕ್ಕಿಗಾಗಿ ವರ್ಷಕ್ಕೊಂದು ಗಿನಿ ಬಾಡಿಗೆ ಕೊಡುತ್ತಿದ್ದರಂತೆ. ಆ ಜಾಗಕ್ಕೆ ‘ಗಿನಿ ಫೀಲ್ಡ್’ ಎಂಬ ಹೆಸರೇ ಉಳಿಯಿತು. ಇಬ್ಬರೂ ಸೇರಿ ಬರೆದ 348 ಕೀರ್ತನೆಗಳು 1779ರಲ್ಲಿ ‘ಓಲ್ನಿ ಹಿಮ್ಸ್’ ಎಂದು ಪ್ರಕಟವಾದವು. ‘ಅಮೇಜಿಂಗ್ ಗ್ರೇಸ್’ ಅದರಲ್ಲೊಂದು. 1773ರ ಜನವರಿ 1ರ ಪ್ರಸಂಗಕ್ಕೆಂದು ಬರೆದದ್ದು. ಆ ತಿಂಗಳೇ ಕೂಪರನ ಮನಸ್ಸು ಮತ್ತೆ ಕೆಟ್ಟಿತು. ಇಂದು ಲೋಕವೆಲ್ಲ ಹಾಡುವ ರಾಗವನ್ನು ಅದಕ್ಕೆ ಹೊಂದಿಸಿದ್ದು 1835ರಲ್ಲಿ, ಅಮೆರಿಕದಲ್ಲಿ. ಓಲ್ನಿಯ ಲೇಸಿನ ಹೆಂಗಸರು ಆ ರಾಗದಲ್ಲಿ ಅದನ್ನು ಕೇಳಿರಲಿಲ್ಲ.

ಪಾದ್ರಿಮನೆಯ ಅಟ್ಟದ ಕೋಣೆಯಲ್ಲಿ ನ್ಯೂಟನ್ ಓದಿ ಬರೆಯುತ್ತಿದ್ದ. ಅಲ್ಲಿನ ಅಗ್ಗಿಷ್ಟಿಕೆಯ ಮೇಲೆ ಬೈಬಲಿನ ಮಾತು ಬರೆಸಿಕೊಂಡಿದ್ದ: ಐಗುಪ್ತದಲ್ಲಿ ದಾಸನಾಗಿದ್ದುದನ್ನು ನೆನಪಿಡು ಎಂಬರ್ಥದ್ದು. ದಾಸನಾಗಿದ್ದ ತನ್ನ ನೆನಪು ಗೋಡೆಯ ಮೇಲಿತ್ತು. ತಾನು ಸಾಗಿಸಿದ ದಾಸರ ಪರವಾಗಿ ಬಹಿರಂಗವಾಗಿ ಬಾಯಿ ಬಿಡಲು 1788 ಬರಬೇಕಾಯಿತು. ಅಷ್ಟರಲ್ಲಿ ಅವನು ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ಹೋಗಿದ್ದ. ಆ ವರ್ಷ ಪ್ರಕಟಿಸಿದ ಪುಸ್ತಿಕೆಯಲ್ಲಿ ಹಡಗಿನ ಒಡಲಿನ ನರಕವನ್ನೆಲ್ಲ ಬಿಚ್ಚಿಟ್ಟ, ತನ್ನ ತಪ್ಪೊಪ್ಪಿಗೆ ತಡವಾಯಿತೆಂದೂ ಬರೆದ. ಸಂಸತ್ತಿನ ಸಮಿತಿಯೆದುರು ಸಾಕ್ಷಿ ನುಡಿದ, ಈ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಬೆನ್ನಾದ. ಗುಲಾಮರ ವ್ಯಾಪಾರ ನಿಷೇಧದ ಕಾಯ್ದೆ ಬಂದ 1807ರ ಡಿಸೆಂಬರಿನಲ್ಲೇ ತೀರಿಕೊಂಡ. ಈ ವಿಳಂಬವನ್ನು ಮುಚ್ಚಿಟ್ಟು ಹೇಳುವವರಿಗಿಂತ, ಬಿಡಿಸಿ ಹೇಳುವವರೇ ಅವನಿಗೆ ಹೆಚ್ಚು ಗೌರವ ಕೊಟ್ಟಂತೆ ಎಂದು ನನಗನ್ನಿಸುತ್ತದೆ.

ಕನ್ನಡಿಗರಿಗೆ ಈ ಊರಿನ ಇನ್ನೊಂದು ಎಳೆಯೂ ಗೊತ್ತಿರಲಿ. ಇಲ್ಲಿನ ಬ್ಯಾಪ್ಟಿಸ್ಟ್ ಸಭೆ 1786ರಲ್ಲಿ ಚಪ್ಪಲಿ ಹೊಲಿಯುವ ಕಸುಬಿನ ತರುಣನೊಬ್ಬನನ್ನು ಬೋಧಕನಾಗಿ ಕಳಿಸಿಕೊಟ್ಟಿತು. ಅವನೇ ವಿಲಿಯಂ ಕೇರಿ. ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಿಂದ 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಹೊರತಂದವನು.

ಲಂಡನ್ನಿನಲ್ಲಿದ್ದ ನ್ಯೂಟನ್ ದಂಪತಿಯ ಅವಶೇಷಗಳನ್ನು 1893ರಲ್ಲಿ ಓಲ್ನಿಗೆ ತಂದು ಚರ್ಚಿನ ಅಂಗಳದಲ್ಲಿ ಹೂಳಿದರು. ಸಮಾಧಿಯ ಬರಹ ನ್ಯೂಟನ್ ತಾನೇ ಬರೆದಿಟ್ಟದ್ದು. ಒಂದು ಕಾಲಕ್ಕೆ ನಾಸ್ತಿಕ, ಸ್ವೇಚ್ಛಾಚಾರಿ, ಆಫ್ರಿಕದಲ್ಲಿ ಗುಲಾಮರ ಸೇವಕ ಎಂದೆಲ್ಲ ತನ್ನನ್ನು ಕರೆದುಕೊಂಡಿದ್ದಾನೆ. ಗುಲಾಮರ ಹಡಗಿನ ಕಪ್ತಾನ ಎಂಬ ಮಾತು ಮಾತ್ರ ಅದರಲ್ಲಿಲ್ಲ.

ಕೂಪರನ ಮನೆ 1900ರಿಂದ ಕೂಪರ್ ಮತ್ತು ನ್ಯೂಟನ್ ಮ್ಯೂಸಿಯಂ ಆಗಿದೆ. ಲೇಸಿನ ಸಂಗ್ರಹವೂ ಅಲ್ಲೇ ಇದೆ. ಹಿತ್ತಲ ತೋಟದಲ್ಲಿ ಕೂಪರ್ ಕೂತು ಬರೆಯುತ್ತಿದ್ದ ಪುಟ್ಟ ಗುಡಾರದಂಥ ಬೇಸಿಗೆ ಮನೆಯನ್ನು ತಪ್ಪದೆ ನೋಡಿ. ಊರಿಗೆ ಈಗ ರೈಲಿಲ್ಲ. ಮಿಲ್ಟನ್ ಕೀನ್ಸ್‌ನಲ್ಲೋ ಬೆಡ್‌ಫರ್ಡ್‌ನಲ್ಲೋ ಇಳಿದು ರಸ್ತೆ ಹಿಡಿಯಬೇಕು. ಮ್ಯೂಸಿಯಂ ತೆರೆದಿರುವ ದಿನಗಳನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.